'ದೇವರು ಕೈಬಿಟ್ಟ' ಎಂಬ ಮೆಸೇಜು: ಒಂದು ಸ್ಪಷ್ಟನೆ

ಚಿಕ್ಕಬಳ್ಳಾಪುರದ ನಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಓಡಾಡುತ್ತಿದೆ. 'ನೀವು ನನ್ನ ಜನರಲ್ಲ' ಎಂಬ, ಬೈಬಲಿನ ಹೋಶೇಯ ಪುಸ್ತಕದ 1:9ರ ಮಾತು ಹಾಕಿ, ದ್ರೋಹ ಮಾಡಿದವರನ್ನು ದೇವರು ಅಲ್ಲಿಗೇ ಬಿಟ್ಟುಬಿಡುತ್ತಾನೆ ಎಂದಿದ್ದಾರೆ. ವಚನ ನಿಜ, ಅರ್ಥ ತಪ್ಪು. ಮುಂದಿನ ವಚನದಲ್ಲೇ ಅದೇ ಜನ ದೇವರ ಮಕ್ಕಳು ಎನಿಸಿಕೊಳ್ಳುತ್ತಾರೆ. ಅರ್ಧ ಓದಿ ಫಾರ್ವರ್ಡ್ ಮಾಡಿದರೆ ಹೀಗೇ ಅಲ್ವಾ?

ಹೋಶೇಯ ಕ್ರಿ.ಪೂ. 8ನೇ ಶತಮಾನದ ಪ್ರವಾದಿ. ಹೆಂಡತಿ ಗೋಮೆರ್ ಬೇರೆಯವರ ಹಿಂದೆ ಹೋದಳು. ಅವನು ಸುಮ್ನೆ ಕೂರಲಿಲ್ಲ. 15 ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ, ಜೊತೆಗೆ ಜವೆಗೋಧಿ ಕೊಟ್ಟು ಬಿಡಿಸಿಕೊಂಡು ಬಂದ. ಈ ನೋವೇ, ಇಸ್ರಾಯೇಲ್ ಜನ ತನ್ನನ್ನು ಬಿಟ್ಟುಹೋದಾಗ ದೇವರಿಗಾದ ನೋವಿನ ಚಿತ್ರ. 6:4ರಲ್ಲಿ ದೇವರು, ನಿಮ್ಮ ಪ್ರೀತಿ ಬೆಳಗಿನ ಮಂಜಿನ ಹಾಗೆ ಎಂದು ನೊಂದುಕೊಳ್ಳುತ್ತಾನೆ. ನಂದಿ ಬೆಟ್ಟದ ಮಂಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲೇರಿದರೆ ಎಲ್ಲಿದೆ ಅದು?

ದೇವರಿಗೆ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಆದರೆ 13ನೇ ಅಧ್ಯಾಯದಲ್ಲಿ ಆ ಸಿಟ್ಟಿಗೆ ಕೊಟ್ಟ ಒಂದು ಹೋಲಿಕೆ, ಮರಿ ಕಳೆದುಕೊಂಡ ಕರಡಿ! 11:8ರಲ್ಲಂತೂ 'ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಡಲಿ?' ಎಂಬ ಸಂಕಟ (ಎಫ್ರಾಯೀಮ್ ಎಂದರೆ ಇಲ್ಲಿ ಅದೇ ಇಸ್ರಾಯೇಲ್ ಜನ). ಮೆಸೇಜು ಕಳಿಸಿದವರು ದಯವಿಟ್ಟು ಇದನ್ನೂ ಕಳಿಸಿ.