ಶಿಸ್ತಿಗೆ ಜಿಪಿಎಸ್ ಫೋಟೋ ಕಡ್ಡಾಯ

ಬೆಂಗಳೂರಿನ ಮಕ್ಕಳಿಗೆ ಶಿಸ್ತಿಲ್ಲ ಅನ್ನುವುದು ದೊಡ್ಡವರಿಗೆ ಸಾಮಾನ್ಯವಾಗಿ ಹೊಳೆಯುವುದು ಸಿಗ್ನಲ್ ಹಾರಿಸುವಾಗ. ಆಮೇಲೆ ಶಾಲೆಗೆ ಸುತ್ತೋಲೆ ಬರುತ್ತದೆ: ಸಾಮಾಜಿಕ ಕೌಶಲ, ಮೊದಲ ಪಾಠ ಸಾಲಿನಲ್ಲಿ ನಿಲ್ಲುವುದು.

ಕಲಿಸುವುದು ಬ್ರಹ್ಮವಿದ್ಯೆಯೇನಲ್ಲ. ಮಾಡಬೇಕಾದ್ದನ್ನು ಒಂದು ಮಾತಿನಲ್ಲಿ ಹೇಳಬೇಕು, ಮೇಷ್ಟ್ರೇ ಮಾಡಿ ತೋರಿಸಬೇಕು, ಮಕ್ಕಳ ಕೈಲಿ ಮಾಡಿಸಬೇಕು, ಸರಿಯಾದದ್ದನ್ನು ಆಗಲೇ ಹೆಸರಿಟ್ಟು ಹೇಳಬೇಕು. ಬರೀ ‘ವೆರಿ ಗುಡ್’ ಸಾಲದು. ‘ಮುಂದಿನವಳನ್ನು ತಳ್ಳದೆ ನಿಂತೆ ನೋಡು’ ಅನ್ನಬೇಕು. ಅದೂ ವಾರಗಟ್ಟಲೆ, ಬಿಸಿಯೂಟದ ಹೊತ್ತಿಗೆ, ತಟ್ಟೆ ಕೈಲಿರುವಾಗ. ನೋಟ್‌ಬುಕ್ಕಿನಲ್ಲಿ ‘ತಾಳ್ಮೆ’ ಎಂದು ಬರೆದುಕೊಂಡವನು ಸಾಂಬಾರಿನ ಘಮಕ್ಕೆ ಅದನ್ನು ಮರೆತೇ ಮರೆಯುತ್ತಾನೆ.

ಆದರೆ ಇದನ್ನು ಮೇಷ್ಟ್ರಿಗೆ ಕಲಿಸುವ ತರಬೇತಿ ಮೆಟ್ಟಿಲಿಳಿದು ಬರಬೇಕಲ್ಲ. ಮೇಲೆ ಎರಡು ದಿನ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಒಂದು ದಿನ, ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿನಲ್ಲಿ ಒಂದು ಮಧ್ಯಾಹ್ನ, ಶಾಲೆಗೆ ಬರುವ ಹೊತ್ತಿಗೆ ವಾಟ್ಸಾಪಿನ ಪಿಡಿಎಫ್. ಮಾಡಿ ತೋರಿಸುವ ಭಾಗ ಮೊದಲ ಮೆಟ್ಟಿಲಲ್ಲೇ ಉದುರಿರುತ್ತದೆ. ಗಟ್ಟಿಯಾಗಿ ತಲುಪುವುದು ವರದಿಯ ನಮೂನೆ, ಜೊತೆಗೆ ಜಿಪಿಎಸ್ ಫೋಟೋ. 40 ನಿಮಿಷದ ಪೀರಿಯಡ್ಡಿನಲ್ಲಿ ಬ್ಯಾನರ್ ಕಟ್ಟುವುದಕ್ಕೆ ಹತ್ತು, ಅಕ್ಷಾಂಶ-ರೇಖಾಂಶ ಮೂಡುವುದಕ್ಕೆ ಇನ್ನೈದು. ಬ್ಯಾನರ್ ಕಾಣಬೇಕೆಂದು ಮುಂದಿನವರು ಕೂರಬೇಕು, ಹಿಂದಿನವರು ಬೆಂಚು ಹತ್ತಬೇಕು. ಹೀಗಾಗಿ ಸಾಲಿನ ಪಾಠದ ಫೋಟೋದಲ್ಲಿ ಸಾಲೊಂದು ಬಿಟ್ಟು ಎಲ್ಲವೂ ಇರುತ್ತದೆ.

ತಪ್ಪಿದವರಿಗೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದಕ್ಕೇ ಗೋಡೆಯ ಚಾರ್ಟಿನಲ್ಲಿ ಹೆಸರು, ಹೆಸರಿನ ಮುಂದೆ ಕೆಂಪು ಚುಕ್ಕಿ. ಇದು ಕಿರುಕುಳವಲ್ಲ, ‘ಪ್ರಗತಿ ಸೂಚಕ’. ಸೋಮವಾರದ ತಪ್ಪಿಗೆ ಬಿದ್ದ ಚುಕ್ಕಿ ಮಾರ್ಚ್ ಕೊನೆಯವರೆಗೂ ಅಲ್ಲೇ. ಅಳಿಸಿಕೊಳ್ಳುವ ದಾರಿ ಇಟ್ಟಿರುವುದಿಲ್ಲವಾದ್ದರಿಂದ, ಮೂರು ಬಿದ್ದವನು ನಾಲ್ಕನೆಯದನ್ನು ಖುಷಿಯಿಂದಲೇ ಸಂಪಾದಿಸುತ್ತಾನೆ. ಗೆಳೆಯರ ನಡುವೆ ಅವನೇ ಈಗ ಹೀರೋ.

ಶಾಲೆ ಬಿಟ್ಟಾಗ ಗೇಟಿನ ಬಳಿ ಪ್ರಾಯೋಗಿಕ ತರಗತಿ. ಫುಟ್‌ಪಾತಿನ ಮೇಲೆ ಸ್ಕೂಟರು, ಮೊಣಕೈಗೆ ಹೆಲ್ಮೆಟ್ಟು, ಬೆರಳು ಹಾರ್ನಿನ ಮೇಲೆ. ಅಡ್ಡಾದಿಡ್ಡಿ ನುಗ್ಗಿದ ವ್ಯಾನಿಗೆ ದಾರಿ ಬಿಟ್ಟು ನಿಂತ ಹುಡುಗ ಪಿಸುಗುಡುತ್ತಾನೆ: ‘ಅಪ್ಪಾ, ಲೈನಲ್ಲಿ ಬರಬೇಕಂತೆ.’

‘ಬೇಗ ಹತ್ತೋ, ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಲೇಟಾಯ್ತು!’