ಸೋದರಳಿಯನ ಫಾಂಟು, ಅಂಬರನಾಥದ ಫೋನು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ತಾಳಮದ್ದಲೆ ಮುಗಿದು ಇನ್ನೂ ವಾರವಾಗಿಲ್ಲ, ನನ್ನ ಹೊಟ್ಟೆಯುರಿಯೂ ಆರಿಲ್ಲ. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಉರಿಯೆಲ್ಲ ಅದರ ಪೋಸ್ಟರಿನ ಮೇಲೆ. ವಾಟ್ಸಾಪಿನಲ್ಲಿ ಶುಭೋದಯದ ಗುಲಾಬಿಗಳ ನಡುವೆ ತೂರಿಕೊಂಡು ಬಂತಲ್ಲ, ಅದರ ಅಕ್ಷರಗಳ ಮೇಲೆ.

ನಮ್ಮ ಕಾರ್ಯದರ್ಶಿಗಳಿಗೆ ಕೈಬರಹದ ಫಾಂಟಿನ ಹುಚ್ಚು. "ಅಚ್ಚಿನ ಅಕ್ಷರ ಸರಕಾರಿ ನೋಟಿಸಿನ ಹಾಗೆ ಕಾಣುತ್ತದೆ ಮಾರಾಯರೇ, ಕೈಬರಹದಲ್ಲಿ ಒಂದು ಆತ್ಮೀಯತೆ ಇರುತ್ತದೆ" ಎನ್ನುತ್ತಾರೆ. ತಾವು ಮಾತ್ರ ಪೆನ್ನು ಮುಟ್ಟುವುದಿಲ್ಲ. ಸಭೆಯ ನಡಾವಳಿಯನ್ನೂ ಧ್ವನಿ ಸಂದೇಶದಲ್ಲೇ ಕಳಿಸುತ್ತಾರೆ. ವಿಧಿಯಿಲ್ಲದೆ ಕೈಯಿಂದ ಬರೆಯುವುದು ಚೆಕ್ಕಿನ ಸಹಿಯೊಂದನ್ನೇ. ಸಹಿ ತಾಳೆಯಾಗುವುದಿಲ್ಲವೆಂದು ಬ್ಯಾಂಕಿನವರು ಅದನ್ನು ವಾಪಸು ಕಳಿಸುತ್ತಾರೆ, ಪೆಂಡಾಲಿನವನು ಅದನ್ನು ಹಿಡಿದುಕೊಂಡು ಖಜಾಂಚಿಯ ಮನೆ ಬಾಗಿಲಿಗೆ ಬರುತ್ತಾನೆ.

ಈ ಆತ್ಮೀಯತೆಯನ್ನು ಜಾರಿಗೆ ತರುವವನು ಅವರ ಸೋದರಳಿಯ. ಯಾವುದೋ ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿ ಕೆಲಸ. ಹಬ್ಬದ ರಿಯಾಯಿತಿ, ಮುಖಕ್ಕೆ ಹಚ್ಚುವ ಕ್ರೀಮು, ಗೃಹಸಾಲ, ಯಾವುದೇ ಇರಲಿ, ಅದೇ ಸುರುಳಿ ಅಕ್ಷರದಲ್ಲಿ ಹೊಂದಿಸಿ ಇನ್‌ಸ್ಟಾಗ್ರಾಂಗೆ ಏರಿಸುತ್ತಾನೆ. ಸಾಲ ಕೊಡುವವರು ಪ್ರೇಮಪತ್ರದ ಅಕ್ಷರದಲ್ಲಿ ಕರೆದರೆ ನನಗಂತೂ ಭಯವಾಗುತ್ತದೆ.

ತಾಳಮದ್ದಲೆಗೆ ಅವನು ಆರಿಸಿದ್ದು ಇಂಗ್ಲಿಷಿನ ಫಾಂಟು. ಅದರಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಅಂಥ ಹೊತ್ತಿನಲ್ಲಿ ಸಾಫ್ಟ್‌ವೇರು ಯಾರನ್ನೂ ಕೇಳದೆ ಬೇರೊಂದು ಕನ್ನಡ ಫಾಂಟನ್ನು ತಂದು ಆ ಜಾಗ ತುಂಬುತ್ತದೆ. ಹಾಗಾಗಿ "ಸರ್ವರಿಗೂ ಆದರದ ಸ್ವಾಗತ" ಎಂಬ, ಹುಟ್ಟಿದಾರಭ್ಯ ಯಾರೂ ಓದದ ಸಾಲು ಕನ್ನಡಕವಿಲ್ಲದೆಯೂ ಓದುವಷ್ಟು ಸ್ಪಷ್ಟವಾಗಿ ಬಂತು. ಇಂಗ್ಲಿಷ್ ಫಾಂಟಿನ ಪಾಲಿಗೆ ಉಳಿದದ್ದು ಅಂಕಿಗಳು. ಅಂದರೆ ತಾರೀಖು, ಗಂಟೆ, ಫೋನ್ ನಂಬರು. 1ರ ತಲೆಗೊಂದು ಉದ್ದನೆಯ ಕೊಕ್ಕೆ, ಥೇಟ್ 7. 4ರ ಬಾಯಿ ಮುಚ್ಚಿ 9. ಸಭಾಂಗಣದ ಹೆಸರನ್ನು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಾಕಿದ್ದ. ಈ ಜಾತಿಯ ಫಾಂಟಿನಲ್ಲಿ ದೊಡ್ಡಕ್ಷರಕ್ಕೆ ಬಾಲ ಬಿಡಿಸುವುದು ಅದು ಪದದ ಮೊದಲಲ್ಲಿ ಒಂಟಿಯಾಗಿ ಮೆರೆಯಲಿ ಎಂದು. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ಬೆಳಗಿನ ಫಾಸ್ಟ್ ಲೋಕಲಿನ ಬಾಗಿಲಲ್ಲಿ ನಿಂತವರ ಹಾಗೆ ಒಂದರ ಮೊಣಕೈ ಇನ್ನೊಂದರ ಪಕ್ಕೆಯಲ್ಲಿ.

ಸಂಪರ್ಕಕ್ಕೆ ಕೊಟ್ಟಿದ್ದು ನನ್ನ ನಂಬರು. ಪ್ರತಿ ಕಾರ್ಯಕ್ರಮಕ್ಕೂ ನನ್ನ ಪ್ರಾಣ ಹಿಂಡುವ ಫೋನು ಈ ಸಲ ತಣ್ಣಗಿತ್ತು. ಜನಕ್ಕೆ ಕೊನೆಗೂ ಪೋಸ್ಟರ್ ಓದುವ ಬುದ್ಧಿ ಬಂತೆಂದು ನನ್ನ ಹೆಂಡತಿಯ ಮುಂದೆ ಹೆಮ್ಮೆಪಟ್ಟೆ. ಶನಿವಾರ ರಾತ್ರಿ ಅಂಬರನಾಥದಿಂದ ಒಬ್ಬ ಮರಾಠಿ ಸಜ್ಜನರ ಕರೆ ಬಂತು. ನಮ್ಮ ಸದಸ್ಯರೆಲ್ಲ 1ನ್ನು 7 ಎಂದು ಓದಿ ಅವರಿಗೆ ಫೋನು ಮಾಡಿದ್ದರು! ಮೊದಲು ರಾಂಗ್ ನಂಬರ್ ಎಂದು ಇಟ್ಟರಂತೆ. ಎಷ್ಟು ಸಲ ಇಡುವುದು? ಕೊನೆಗೆ ಕರೆ ಮಾಡಿದವರಿಂದಲೇ ಪೋಸ್ಟರ್ ತರಿಸಿಕೊಂಡು, 7ನ್ನು 1 ಮಾಡಿ ನನ್ನನ್ನು ಪತ್ತೆ ಹಚ್ಚಿದ್ದರು. ಅಷ್ಟು ಹೊತ್ತಿಗೆ ನಮ್ಮ ಕಾರ್ಯಕ್ರಮ ಅವರಿಗೆ ಬಾಯಿಪಾಠವಾಗಿತ್ತು. ವಾಲಿಯ ಅರ್ಥ ಹೇಳುವವರು ಊರಿನಿಂದ ಬರುತ್ತಿದ್ದಾರೆ, ಸ್ಟೇಷನ್ನಿನ ಪೂರ್ವಕ್ಕೆ ಇಳಿಯಬೇಕು, ಗಂಟೆ 4, 9 ಅಲ್ಲ. ಎಲ್ಲವನ್ನೂ ಜನರಿಗೆ ಹೇಳಿದ್ದೇನೆ, ಒಂದಕ್ಕೆ ಮಾತ್ರ ಉತ್ತರ ಗೊತ್ತಿಲ್ಲ, ಎಲ್ಲರೂ ಅದನ್ನೇ ಕೇಳುತ್ತಾರೆ ಎಂದರು. "ಜೇವಣ ಕಿತೀ ವಾಜತಾ?"

ಊಟ ಎಂಟಕ್ಕೆ ಎಂದೆ. ನಾಚಿಕೆಯಿಂದ, ನೀವೂ ಬನ್ನಿ ಎಂದೂ ಸೇರಿಸಿದೆ. ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟರು. ವಾಲಿ ರಾಮನನ್ನು ತರಾಟೆಗೆ ತೆಗೆದುಕೊಂಡಾಗ ಭಾಷೆ ತಿಳಿಯದೆಯೂ ತಲೆದೂಗಿದರು.

ಇಷ್ಟಾದರೂ ಕಾರ್ಯದರ್ಶಿಗಳು ಸೋಲಲಿಲ್ಲ. "ಕೋಕಾಕೋಲಾ ನೋಡಿ, ಅದೂ ಕೈಬರಹವೇ ಅಲ್ಲವೇ?" ಹೌದು. 1886ರಲ್ಲಿ ಆ ಕಂಪನಿಯ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್ಸನ್ ಸ್ಪೆನ್ಸೇರಿಯನ್ ಎಂಬ ಆಗಿನ ಬಳುಕು ಕೈಬರಹದ ಶೈಲಿಯಲ್ಲಿ ಹೆಸರನ್ನು ಬರೆದ. ಹೆಸರನ್ನಷ್ಟೇ! ಬಾಟಲಿಯ ಬೆಲೆಯನ್ನೂ ತಾರೀಖನ್ನೂ ಸುರುಳಿ ಸುತ್ತಿ ಬರೆದಿಲ್ಲ. ತಾಳಮದ್ದಲೆ ಎಂಬ ಪದವೊಂದನ್ನು ಎಷ್ಟು ಬೇಕಾದರೂ ಬಳುಕಿಸಿ, ನನ್ನ ನಂಬರನ್ನು ನೆಟ್ಟಗೆ ನಿಲ್ಲಲು ಬಿಡಿ ಎಂದೆ. ಇದೇ ಮುಂಬಯಿಯಲ್ಲಿ ಆರ್. ಕೆ. ಜೋಶಿ ಇದ್ದರು, ಲಿಪಿಯನ್ನೇ ಕಲೆಯಾಗಿಸಿಕೊಂಡವರು. ಅಂಥವರು ವಿಂಡೋಸ್‌ಗೆ ತುಂಗಾ ಎಂಬ ಕನ್ನಡ ಫಾಂಟು ಮಾಡಿದಾಗ ಬಳುಕಿಸಲಿಲ್ಲ, ಪರದೆಯ ಮೇಲೆ ಓದಲು ಬರುವ ಹಾಗೆ ಸರಳವಾಗಿ ಮಾಡಿದರು. ಕಾರ್ಯದರ್ಶಿಗಳು ಇದಕ್ಕೆ ಉತ್ತರವನ್ನು ಧ್ವನಿ ಸಂದೇಶದಲ್ಲಿ ಕಳಿಸುತ್ತೇನೆಂದರು.

ಫ್ಲೆಕ್ಸ್ ಬರುವ ಮೊದಲು ನಮ್ಮ ಬ್ಯಾನರನ್ನು ಒಬ್ಬ ಪೇಂಟರು ಬರೆಯುತ್ತಿದ್ದರು. ಸುಣ್ಣ ಹಚ್ಚಿದ ದಾರವನ್ನು ಬಟ್ಟೆಯ ಮೇಲೆ ಬಿಗಿಹಿಡಿದು ಟಪ್ಪೆಂದು ಮೀಟಿದರೆ ನೇರ ಗೆರೆ ಮೂಡುತ್ತಿತ್ತು. ಒತ್ತಕ್ಷರಕ್ಕೆಂದು ಗೆರೆಯ ಕೆಳಗೆ ಮೊದಲೇ ಜಾಗ ಬಿಡುತ್ತಿದ್ದರು. ಅರ್ಧ ಬರೆದ ಮೇಲೆ ರಸ್ತೆ ದಾಟಿ ಆಚೆ ಬದಿಯ ಪಾನಿನ ಅಂಗಡಿಯ ಹತ್ತಿರ ನಿಂತು ಓದಿ ನೋಡಿ, ಮರಳಿ ಬಂದು ಒಂದು ಕೊಂಬನ್ನು ದಪ್ಪ ಮಾಡುತ್ತಿದ್ದರು. ಅದು ನಿಜವಾದ ಕೈಬರಹ. ಅವರಿಗೆ ಕೊಡುವ ಕೂಲಿಯಲ್ಲೂ ನಾವು ಚೌಕಾಸಿ ಮಾಡುತ್ತಿದ್ದೆವು.

ಈಗ ರಾಜ್ಯೋತ್ಸವದ ಪೋಸ್ಟರ್ ತಯಾರಾಗುತ್ತಿದೆ. ಸೋದರಳಿಯನಿಗೆ ಕನ್ನಡದ್ದೇ ಕೈಬರಹದ ಫಾಂಟು ಸಿಕ್ಕಿದೆಯಂತೆ, ಅಂಕಿಯೂ ಕನ್ನಡದಲ್ಲೇ ಇರುತ್ತದಂತೆ. ಆರು ಯಾವುದು, ಒಂಬತ್ತು ಯಾವುದು ಎಂದು ದೇವರೇ ಬಲ್ಲ. ಫಾಂಟು ಬದಲಿಸುವ ಮಾತು ಸಮಿತಿಯಲ್ಲಿ ಬಿದ್ದುಹೋಯಿತು. ಬದಲಿಗೆ ಖಜಾಂಚಿ ಬೇರೊಂದು ಸಲಹೆ ಕೊಟ್ಟಿದ್ದಾರೆ: ಅಂಬರನಾಥದವರು ಫೋನಿನಲ್ಲಿ ನನಗಿಂತ ಚೆನ್ನಾಗಿ ಮಾತನಾಡುತ್ತಾರೆ, ಸಂಪರ್ಕಕ್ಕೆ ಅವರ ನಂಬರನ್ನೇ ಹಾಕೋಣ.