ನದಿಗೆ ಇಳಿಯೋಕೆ ಬಿಡಿ, ಹತ್ತೋಕೆ ಕಂಬಿ ಕೊಡಿ

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಬೇಸಿಗೆ ಬಂದರೆ ಜನ ಆಫೀಸು ಮುಗಿಸಿ ಸೀದಾ ಹೊಳೆಗೆ ಹೋಗುತ್ತಾರೆ. ಆರೆ ನದಿ ಹಳೇ ಊರನ್ನು ಸುತ್ತಿಕೊಂಡು ಹರಿಯುತ್ತದೆ. ಅಲ್ಲಿನ ಪಾರ್ಲಿಮೆಂಟ್ ಕಟ್ಟಡದ ಕೆಳಗಡೆಯೇ ಮಾರ್ಜಿಲಿ ಅನ್ನುವ ಈಜುವ ಜಾಗ. ಟಿಕೆಟ್ ಇಲ್ಲ. ಬಟ್ಟೆ ಅಲ್ಲಿಟ್ಟು, ದಡದ ಮೇಲೆ ಹೊಳೆಯ ಎದುರು ದಿಕ್ಕಿಗೆ ನಡೆದು, ನೀರಿಗೆ ಇಳಿಯುತ್ತಾರೆ. ಆಮೇಲೆ ಸುಮ್ನೆ ತೇಲಿದರೆ ಸಾಕು, ಹೊಳೆಯೇ ವಾಪಸ್ ಕರೆತರುತ್ತದೆ. ಇದಕ್ಕೆ ಅವರು ‘ಆರೆಶ್ವುಮ್’ ಅಂತಾರೆ. ರಬ್ಬರ್ ದೋಣಿಯಲ್ಲಿ ಮೇಲಿನ ಥೂನ್ ಊರಿಂದ ತೇಲಿ ಬಂದರೆ ‘ಆರೆಬೋಟ್ಲೆ’. 2017ರಲ್ಲಿ ಈ ಈಜು ಆ ದೇಶದ ಜೀವಂತ ಸಂಪ್ರದಾಯಗಳ ಪಟ್ಟಿಗೂ ಸೇರಿತು.

ಇಷ್ಟರಲ್ಲಿ ನನಗೆ ತುಂಬಾ ದೊಡ್ಡದಾಗಿ ಕಾಣೋದು ದಡದ ಕೆಂಪು ಕಂಬಿಗಳು. ಅಲ್ಲಲ್ಲಿ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಕೆಂಪು ಕಂಬಿ. ನೀರಿನ ಸೆಳೆತ ಜೋರು. ಮಾರ್ಜಿಲಿ ದಾಟಿದರೆ ಮುಂದೆ ಒಡ್ಡು ಇದೆ, ಅಲ್ಲಿಗೆ ಹೋದರೆ ಜೀವಕ್ಕೇ ಅಪಾಯ. ಹಾಗಂತ ಊರಿನವರು ನದಿಗೆ ಬೀಗ ಹಾಕಲಿಲ್ಲ. ಹತ್ತುವ ದಾರಿ ಮಾಡಿಕೊಟ್ಟರು. ದೋಣಿಗಳನ್ನು ಒಂದಕ್ಕೊಂದು ಕಟ್ಟಬೇಡಿ ಅಂತ ನಿಯಮವೂ ಇದೆ, ಯಾಕಂದರೆ ಕಟ್ಟಿದ ದೋಣಿಗಳು ಸೇತುವೆಯ ಕಂಬಕ್ಕೆ ಸಿಕ್ಕಿಹಾಕಿಕೊಳ್ಳುತ್ತವೆ.

ಅದೇ ದೇಶದ ಬಾಸೆಲ್‌ನಲ್ಲಿ ರೈನ್ ನದಿಗೆ ಇಳಿಯುವವರು ಬಟ್ಟೆ, ಫೋನು ಎಲ್ಲಾ ನೀರು ಒಳಗೆ ಹೋಗದ, ಮೀನಿನ ಆಕಾರದ ಚೀಲದಲ್ಲಿ ಸುತ್ತಿಟ್ಟು ಜೊತೆಗೇ ತೇಲಿಸಿಕೊಂಡು ಹೋಗುತ್ತಾರೆ.

ಅಮೆರಿಕದಲ್ಲಿ ಪದ್ಧತಿಯೇ ಬೇರೆ. ಗಾಳಿ ತುಂಬಿದ ರಬ್ಬರ್ ಟ್ಯೂಬು, ದೋಣಿಗಳಲ್ಲಿ ಕೂತು ತೇಲುತ್ತಾರೆ, ಒಂದೊಂದು ಕಡೆ ಒಂದೊಂದು ಹೆಸರು. ಮಿಸೌರಿಯಲ್ಲಿ ‘ಫ್ಲೋಟ್ ಟ್ರಿಪ್’, ಅಟ್ಲಾಂಟಾದ ಚಾಟಹೂಚಿ ನದಿಯಲ್ಲಿ ‘ಶೂಟಿಂಗ್ ದ ಹೂಚ್’. ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ‘ಟ್ಯೂಬಿಂಗ್’. ಅಲ್ಲಿನ ಕೋಮಲ್ ನದಿ ನಾಲ್ಕು ಕಿಲೋಮೀಟರ್ ಉದ್ದ ಅಷ್ಟೆ. ಬುಗ್ಗೆ ನೀರು, ವರ್ಷವಿಡೀ ಹದವಾಗಿರುತ್ತದೆ. ಗೆಳೆಯರು ಟ್ಯೂಬುಗಳನ್ನು ಕಟ್ಟಿಕೊಂಡು, ಕುಡಿಯೋ ಕ್ಯಾನುಗಳ ಐಸ್ ಪೆಟ್ಟಿಗೆಗೇ ಒಂದು ಬೇರೆ ಟ್ಯೂಬ್ ಕೊಟ್ಟು ತೇಲುತ್ತಾರೆ. ಖಾಲಿ ಕ್ಯಾನುಗಳಿಂದ ಹೊಳೆ ಹಾಳಾಗುತ್ತಿದೆ ಅಂತ 2011ರಲ್ಲಿ ಊರಿನವರೇ ವೋಟು ಹಾಕಿ, ಬಳಸಿ ಬಿಸಾಡುವ ಡಬ್ಬಿಗಳನ್ನು ನದಿಯಲ್ಲಿ ನಿಷೇಧಿಸಿದರು. 2014ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. 2017ರಲ್ಲಿ ಮೇಲಿನ ಕೋರ್ಟಿನಲ್ಲಿ ಊರೇ ಗೆದ್ದಿತು. ನದಿಯಲ್ಲಿ ಆಡುವವರು ಇದ್ದ ಕಡೆಯೇ ನದಿಗೋಸ್ಕರ ಇಷ್ಟು ಹಟ ಹಿಡಿಯುವ ಊರೂ ಇರುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ನಮ್ಮಲ್ಲೂ ಮಕ್ಕಳು ಸೋರೆ ಬುರುಡೆ, ಬಾಳೆದಿಂಡು, ಲಾರಿ ಟ್ಯೂಬ್ ಹಿಡಿದು ತೇಲಿದವರೇ ಅಲ್ವಾ? ಈಗ ‘ನದಿಗೆ ಇಳಿಯಬಾರದು’ ಅನ್ನುವ ಬೋರ್ಡು ಮಾತ್ರ. ಅಪಾಯ ನಿಜವೇ. ಅಣೆಕಟ್ಟಿನಿಂದ ನೀರು ಬಿಟ್ಟರೆ ಕಾವೇರಿ ಹೊತ್ತಿಲ್ಲದ ಹೊತ್ತಲ್ಲಿ ಏರುತ್ತಾಳೆ, ಮರಳು ತೆಗೆದ ಗುಂಡಿಗಳು ಕಣ್ಣಿಗೆ ಕಾಣೋದಿಲ್ಲ. ಆದರೆ ಬೋರ್ಡು ನೋಡಿ ಹುಡುಗರು ಸುಮ್ಮನಾಗಲ್ಲ, ಯಾರೂ ಇಲ್ಲದ ಕಡೆ ಹೋಗಿ ಇಳಿಯುತ್ತಾರೆ. ಅದರ ಬದಲು ಒಂದೆರಡು ಕಡೆಯಾದರೂ ಸರಿಯಾದ ಜಾಗ ಗುರುತಿಸಿ. ಮೆಟ್ಟಿಲು, ಕಂಬಿ, ಹಗ್ಗ ಹಾಕಿ. ಆನೆಗೊಂದಿ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗರಿಗೆ ಯಾವ ಬಂಡೆಯ ಹಿಂದೆ ಸುಳಿ ಇದೆ ಅಂತ ಗೊತ್ತು. ಅಂಥವರಿಗೆ ತಿಂಗಳ ಸಂಬಳ ಕೊಟ್ಟು ಕಾವಲಿಗೆ ನಿಲ್ಲಿಸಿ.